ಹಳೆಯ ಮ್ಯಾಂಡೊಲಿನ್‌ಗಳೂ ‘ಮೂಲಸ್ಥಿತಿ’ಯ ಪ್ರಶ್ನೆಯೂ

ಹಳೆಯ ಓಲೆಯ ಪ್ರತಿಯೊಂದು ಕೈಗೆ ಬಂದಾಗ ಗ್ರಂಥಸಂಪಾದಕನು ಲಿಪಿಕಾರನ ತಿದ್ದುಪಡಿಗಳನ್ನು ಕೆರೆದುಹಾಕುವುದಿಲ್ಲ. ಅವುಗಳನ್ನೂ ಗುರುತು ಹಾಕಿಕೊಳ್ಳುತ್ತಾನೆ. ಶಾಸನಶಿಲೆಯ ಬೆನ್ನಿನ ಮೇಲೆ ನೂರು ವರ್ಷಗಳ ತರುವಾಯ ಮತ್ತೊಬ್ಬರು ಕೊರೆಯಿಸಿದ ದಾನದ ಬರಹವಿದ್ದರೆ ಅದೂ ಆಧಾರವೇ. ಉಳಿದುಬಂದ ವಸ್ತುವಿನ ಮೇಲೆ ಕಾಲವು ಬಿಟ್ಟ ಗುರುತುಗಳೆಲ್ಲವೂ ಸಾಕ್ಷ್ಯವೆಂಬುದು ಇತಿಹಾಸದ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಆದರೆ ಸಂಗೀತವಾದ್ಯಗಳ ವಿಷಯಕ್ಕೆ ಬಂದೊಡನೆ ಈ ಪಾಠವು ಮರೆತುಹೋಗುವುದುಂಟು. ಪಶ್ಚಿಮದೇಶಗಳಲ್ಲಿ ಹಳೆಯ ಮ್ಯಾಂಡೊಲಿನ್‌ಗಳನ್ನು ಕೂಡಿಡುವವರು ‘ಮೂಲಸ್ಥಿತಿ’ ಎಂಬುದನ್ನು ಉಳಿದ ಗುಣಗಳಿಗಿಂತ ಮಿಗಿಲಾಗಿ ಎಣಿಸುತ್ತಾರೆ. ಈ ಅಳತೆಗೋಲು ಚರಿತ್ರೆಯದೋ ಮಾರುಕಟ್ಟೆಯದೋ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮ್ಯಾಂಡೊಲಿನ್ ಇಟಲಿಯ ನೇಪಲ್ಸ್ ನಗರದಲ್ಲಿ 18ನೆಯ ಶತಮಾನದಲ್ಲಿ ನೆಲೆಗೊಂಡ ತಂತೀವಾದ್ಯ. ಅಲ್ಲಿಯ ವಿನಾಚಿಯಾ ಮನೆತನದವರು ಅದರ ನಿರ್ಮಾಣದಲ್ಲಿ ಹೆಸರಾದವರು. ಎರಡೆರಡು ಒಂದೇ ಸ್ವರಕ್ಕೆ ಕೂಡಿಸಿದ ನಾಲ್ಕು ಜೊತೆ, ಅಂದರೆ ಒಟ್ಟು 8 ತಂತಿಗಳು ಅದಕ್ಕುಂಟು. ಶ್ರುತಿಯು ಪಾಶ್ಚಾತ್ಯ ಪಿಟೀಲಿನದೇ. ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ಬುರುಡೆಯೇ ನೇಪಲ್ಸ್ ವಾದ್ಯದ ಲಕ್ಷಣ. ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನ ಆರ್ವಿಲ್ ಗಿಬ್ಸನ್ ಈ ಬುರುಡೆಯನ್ನು ಕೈಬಿಟ್ಟು, ಪಿಟೀಲಿನಂತೆ ಮೇಲ್ಹಲಗೆ ಹಿಂಹಲಗೆಗಳನ್ನು ಉಬ್ಬುವಂತೆ ಕೆತ್ತಿ, 1898ರಲ್ಲಿ ಪೇಟೆಂಟು ಪಡೆದನು. ಅವನ ಹೆಸರಿನ ಸಂಸ್ಥೆಯು 1902ರಲ್ಲಿ ಸ್ಥಾಪಿತವಾಯಿತು. ಸಂಗೀತಗಾರನೂ ನಾದಶಾಸ್ತ್ರದಲ್ಲಿ ಆಸಕ್ತನೂ ಆಗಿದ್ದ ಲಾಯ್ಡ್ ಲೋರ್ 1919ರಲ್ಲಿ ಆ ಸಂಸ್ಥೆಯನ್ನು ಸೇರಿದನು. ಅವನ ಮೇಲ್ವಿಚಾರಣೆಯಲ್ಲಿ 1922ರಲ್ಲಿ ‘ಎಫ್-5’ ಎಂಬ ಮಾದರಿಯು ಹೊರಬಂದಿತು. ದುಂಡು ರಂಧ್ರದ ಬದಲು ಪಿಟೀಲಿನಲ್ಲಿರುವಂತಹ ಎರಡು ರಂಧ್ರಗಳು, ಒಳಗೆ ತಾರೀಖಿನೊಡನೆ ಲೋರನ ರುಜುವುಳ್ಳ ಚೀಟಿ, ಇವು ಅದರ ಕುರುಹುಗಳು. 1924ರ ಕೊನೆಗೆ ಲೋರ್ ಸಂಸ್ಥೆಯನ್ನು ಬಿಟ್ಟನು. ಅವನ ರುಜುವಿರುವ ಕೆಲವೇ ನೂರು ವಾದ್ಯಗಳನ್ನು ಇಂದು ಸಂಗ್ರಾಹಕರು ಅಪಾರ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಸಂಗ್ರಾಹಕರಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲೇ ಸಲ್ಲಿಸಬೇಕು. ಕ್ರಮಸಂಖ್ಯೆಗಳನ್ನೂ ತಾರೀಖುಗಳನ್ನೂ ಪಟ್ಟಿ ಮಾಡಿ, ವಾದ್ಯದಿಂದ ವಾದ್ಯಕ್ಕೆ ಹೋಲಿಸಿ ನೋಡಿದವರಲ್ಲಿ ಅವರು ಮುಖ್ಯರು. ಕೈ ಸೋಕದ ಮಾದರಿಗಳು ಕೆಲವಾದರೂ ಉಳಿಯದಿದ್ದರೆ ಹಲಗೆಯ ದಪ್ಪವೇನು, ಮೆರುಗೆಣ್ಣೆಯ ಗುಣವೇನು ಎಂಬುದನ್ನು ನಾವು ಊಹಿಸಬೇಕಾಗುತ್ತಿತ್ತು. ಮೇಲ್ಮೈಗೆ ಹೊಸ ಬಣ್ಣ ಹೊಡೆದವರನ್ನು ಅವರು ಖಂಡಿಸುವುದು ನ್ಯಾಯವೇ. ಆಕ್ಷೇಪವಿರುವುದು ಅವರ ಶ್ರದ್ಧೆಯ ಮೇಲಲ್ಲ. ವಾದ್ಯದ ಚರಿತ್ರೆಯು ಅದು ಕಾರ್ಖಾನೆಯ ಬಾಗಿಲು ದಾಟಿದ ದಿನವೇ ಮುಗಿಯಿತೆಂಬ ಭಾವನೆಯ ಮೇಲೆ.

ಈ ಭಾವನೆಯು ‘ಎಫ್-5’ರ ವಿಷಯದಲ್ಲಿ ಎಷ್ಟು ದುರ್ಬಲವೆಂಬುದು ಅದರ ಕಥೆಯಿಂದಲೇ ತಿಳಿಯುತ್ತದೆ. ಅದನ್ನು ರೂಪಿಸಿದ್ದು ಸಭಾಂಗಣಗಳ ಶಾಸ್ತ್ರೀಯ ವಾದನಕ್ಕಾಗಿ. ಆದರೆ ಮ್ಯಾಂಡೊಲಿನ್ ವೃಂದಗಳ ಕಾಲವು ಅಷ್ಟರಲ್ಲೇ ಇಳಿಮುಖವಾಗಿತ್ತು. ವಾದ್ಯವು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದಕ್ಕೆ ಕೀರ್ತಿ ತಂದವನು ಕೆಂಟಕಿಯ ಗ್ರಾಮಾಂತರದಲ್ಲಿ ಹುಟ್ಟಿದ ಬಿಲ್ ಮನ್ರೊ. 1923ರ ಜುಲೈ 9ರ ತಾರೀಖುಳ್ಳ ವಾದ್ಯವೊಂದನ್ನು ಅವನು 1940ರ ದಶಕದ ಮಧ್ಯಭಾಗದಲ್ಲಿ ಫ್ಲಾರಿಡಾದ ಮಯಾಮಿಯ ಕ್ಷೌರದಂಗಡಿಯೊಂದರಲ್ಲಿ ಕಂಡು ಕೊಂಡನು. ‘ಬ್ಲೂಗ್ರಾಸ್’ ಎಂದು ಹೆಸರಾದ ಸಂಗೀತಪದ್ಧತಿಯು ರೂಪುಗೊಂಡದ್ದು ಈ ವಾದ್ಯವು ಅವನ ಕೈಯಲ್ಲಿದ್ದಾಗ. ಅಂದಮೇಲೆ ಲೋರನ ವಾದ್ಯಗಳಿಗೆ ಇಂದಿರುವ ಬೆಲೆಯ ಬಹುಭಾಗವು ಲೋರನು ಕನಸಿನಲ್ಲಿಯೂ ಎಣಿಸದಿದ್ದ ಬಳಕೆಯಿಂದ ಬಂದದ್ದು. ಬಳಕೆಯಿಂದ ಬಂದ ಬೆಲೆಯನ್ನು ತೆಗೆದುಕೊಂಡು ಬಳಕೆಯ ಗುರುತನ್ನು ದೋಷವೆಂದೆಣಿಸುವುದು ಹೇಗೆ ಯುಕ್ತ?

ಮನ್ರೊನ ವಾದ್ಯದ ಮುಂದಿನ ಕಥೆಯು ಇನ್ನೂ ಬೋಧಪ್ರದವಾಗಿದೆ. 1950ರ ದಶಕದ ಮೊದಲಲ್ಲಿ ದುರಸ್ತಿಗೆಂದು ನಿರ್ಮಾಪಕರಿಗೆ ಕಳುಹಿಸಿದ ವಾದ್ಯವು ತಾನು ಹೇಳಿದ ಕೆಲಸಗಳೆಲ್ಲವೂ ಆಗದೆ ಮರಳಿತೆಂದು ಮುನಿದು, ಅವನು ಅದರ ತಲೆಯ ಮೇಲಿದ್ದ ಸಂಸ್ಥೆಯ ಹೆಸರನ್ನು ಚಾಕುವಿನಿಂದ ಕೆತ್ತಿಹಾಕಿದನು. 1980ರಲ್ಲಿ ರಾಜಿಯಾಗಿ ಹೆಸರು ತನ್ನ ಸ್ಥಾನಕ್ಕೆ ಮರಳಿತು. 1985ರಲ್ಲಿ ದುಷ್ಕರ್ಮಿಯೊಬ್ಬನು ಅವನ ಮನೆಗೆ ನುಗ್ಗಿ, ಒಲೆಯ ಕಬ್ಬಿಣದ ಸಲಾಕೆಯಿಂದ ವಾದ್ಯವನ್ನು ಚೂರುಚೂರು ಮಾಡಿದನು. ಗಿಬ್ಸನ್ ಸಂಸ್ಥೆಯ ಚಾರ್ಲಿ ಡೆರಿಂಗ್ಟನ್ ಎಂಬ ಕುಶಲಿಯು ಚೂರುಗಳನ್ನು ಒಂದೊಂದಾಗಿ ಕೂಡಿಸಿ ಮರುವರ್ಷ ಹಿಂದಿರುಗಿಸಿದನು. 1996ರಲ್ಲಿ ತೀರಿಕೊಂಡ ಮನ್ರೊ ಅದನ್ನು ಮತ್ತೆ ನುಡಿಸಿದನು. ಈಗ ಅದು ನ್ಯಾಶ್‌ವಿಲ್ಲಿನ ಕಂಟ್ರಿ ಸಂಗೀತದ ವಸ್ತುಸಂಗ್ರಹಾಲಯದಲ್ಲಿದೆ. ಈ ವಾದ್ಯದ ಮೂಲಸ್ಥಿತಿ ಯಾವುದು? 1923ರದೋ, ಹೆಸರಿಲ್ಲದ ಮೂರು ದಶಕಗಳದೋ, 1986ರದೋ? ಒಬ್ಬ ಕಲಾವಿದನಿಗೂ ಒಂದು ಕಾರ್ಖಾನೆಗೂ ನಡೆದ ಕಲಹವನ್ನು ಆ ಕೆತ್ತಿದ ತಾಣವು ಹೇಳುತ್ತಿತ್ತು. ಹೆಸರನ್ನು ಮರಳಿ ಕೂರಿಸಿದಾಗ ಒಂದು ‘ದೋಷ’ವು ನೀಗಿತು, ಒಂದು ಸಾಕ್ಷ್ಯವೂ ಮರೆಯಾಯಿತು. ಆ ಕಾಲದ ಛಾಯಾಚಿತ್ರಗಳು ಉಳಿದಿರುವುದು ನಮ್ಮ ಪುಣ್ಯ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಲೋರನ ಕಾಲದ ಹಲವು ವಾದ್ಯಗಳೊಳಗೆ, ಮೇಲ್ಹಲಗೆಯ ಅಡಿಯಲ್ಲಿ, ನ್ಯೂಯಾರ್ಕಿನ ವರ್ಜಿ ಸಹೋದರರು ಕಲ್ಪಿಸಿದ ತೆಳುವಾದ ಮರದ ಬಿಲ್ಲೆಯೊಂದನ್ನು ತೂಗಹಾಕಿರುತ್ತಿದ್ದರು. ನಾದವು ತುಂಬಿಬರಲೆಂಬುದು ಉದ್ದೇಶ. ಜೋರಾದ ನಾದವನ್ನು ಬಯಸಿದ ಮುಂದಿನ ವಾದಕರಲ್ಲಿ ಅನೇಕರು ಅದನ್ನು ಕಿತ್ತುಹಾಕಿಸಿದರು. ತೆಗೆಸಿದ್ದು ಅಪರಾಧವಲ್ಲ, ಅದೂ ರುಚಿಯ ಚರಿತ್ರೆಯೇ. ತೆಗೆದ ಬಿಲ್ಲೆಯನ್ನು ಎಸೆದು, ಯಾರು ಎಂದು ತೆಗೆದರೆಂಬುದನ್ನು ಬರೆದಿಡದಿದ್ದುದೇ ಅಪರಾಧ. ಆದುದರಿಂದ ಬದಲಾವಣೆ ಆಗಿದೆಯೇ ಎಂಬುದಕ್ಕಿಂತ, ಆದ ಬದಲಾವಣೆಯು ತನ್ನನ್ನು ಮರೆಮಾಚಿಕೊಂಡಿದೆಯೇ ಎಂಬುದೇ ಸರಿಯಾದ ಪ್ರಶ್ನೆ.

ವಾದ್ಯದ ಪೋಷಣೆಯೂ ಇದನ್ನೇ ಸಮರ್ಥಿಸುತ್ತದೆ. ನಮ್ಮ ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಕಾಲಕಾಲಕ್ಕೆ ಮೇಳ ಕಟ್ಟಿಸದ ವೀಣೆಯನ್ನು ‘ಮೂಲಸ್ಥಿತಿಯಲ್ಲಿದೆ’ ಎಂದು ಯಾವ ವೈಣಿಕರೂ ಹೊಗಳುವುದಿಲ್ಲ. ಮ್ಯಾಂಡೊಲಿನ್ನಿನ ಲೋಹದ ಮೆಟ್ಟಿಲುಗಳೂ ಸವೆಯುತ್ತವೆ, ಬದಲಾಗಲೇಬೇಕು. ನೇಪಲ್ಸ್‌ನ ಹಗುರವಾದ ವಾದ್ಯಕ್ಕೆ ಇಂದಿನ ದಪ್ಪ ತಂತಿಗಳನ್ನು ಬಿಗಿದರೆ ಮೇಲ್ಹಲಗೆಯು ಕುಸಿಯುತ್ತದೆ, ದಂಡಿಯು ಬಾಗುತ್ತದೆ. ಗಾಳಿಯ ತೇವಾಂಶವು ತೀರ ಇಳಿದರೆ ಹಲಗೆ ಸೀಳುತ್ತದೆ. ಅಲಂಕಾರಕ್ಕೆಂದು ಬಳಸಿದ ಹಳೆಯ ಸೆಲ್ಯುಲಾಯ್ಡ್ ಕೊಳೆಯತೊಡಗಿದರೆ ಅದರಿಂದೇಳುವ ಆಮ್ಲದ ಆವಿಯು ಪೆಟ್ಟಿಗೆಯೊಳಗಿನ ಲೋಹವನ್ನು ತಿನ್ನುತ್ತದೆ. ಮುಟ್ಟದೆ ಇಡುವುದೂ ಕೆಲವೊಮ್ಮೆ ನಾಶಕ್ಕೆ ದಾರಿ. ಹಿಂದಿನವರು ಬಳಸಿದ ಚರ್ಮದ ಅಂಟು ಬಿಸಿಗೂ ತೇವಕ್ಕೂ ಬಿಡುತ್ತದೆ. ಆ ಅಂಟನ್ನೇ ಬಳಸಿದ ದುರಸ್ತಿಯನ್ನು ಮುಂದಿನವರು ಬಿಚ್ಚಿ ನೋಡಬಹುದು. ಇಂದಿನ ಗಟ್ಟಿಯಾದ ರಾಸಾಯನಿಕ ಅಂಟುಗಳು ಈ ಅವಕಾಶವನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತವೆ.

ನುಡಿಸುವುದರಿಂದ ವಾದ್ಯವು ಸವೆಯುವುದು ನಿಜ. ಆದರೆ ಪೆಟ್ಟಿಗೆಯಲ್ಲಿ ಮೌನವಾಗಿರುವ ವಾದ್ಯವು ಮರದ ಚರಿತ್ರೆಯನ್ನು ಹೇಳೀತೇ ಹೊರತು ಸಂಗೀತದ ಚರಿತ್ರೆಯನ್ನಲ್ಲ. ಕೆಲವು ಮಾದರಿಗಳನ್ನು ಅಳತೆಗಾಗಿ ಮುಟ್ಟದೆ ಇಡುವುದು, ಉಳಿದವನ್ನು ತಕ್ಕ ತಂತಿಗಳಿಂದ ನುಡಿಸುವುದು, ಮುರಿದುದನ್ನು ಬಿಚ್ಚಬಹುದಾದ ರೀತಿಯಲ್ಲಿ ಸರಿಪಡಿಸುವುದು, ತೆಗೆದ ಭಾಗವನ್ನು ವಾದ್ಯದೊಡನೆಯೇ ಇರಿಸಿ ಮಾಡಿದ ಕೆಲಸವನ್ನು ತಾರೀಖಿನೊಡನೆ ಬರೆದಿಡುವುದು, ಇಷ್ಟನ್ನು ವಾದ್ಯದ ಒಡೆಯನಾದವನು ಮಾಡತಕ್ಕದ್ದು. ಲೋರನು ಒಳಗೆ ಚೀಟಿ ಅಂಟಿಸಿ ತನ್ನ ಕೆಲಸಕ್ಕೆ ತಾನೇ ರುಜು ಹಾಕಿದನು. ಅವನ ತರುವಾಯ ವಾದ್ಯಕ್ಕೆ ಕೈ ಹಚ್ಚಿದವರೆಲ್ಲರೂ ಅಷ್ಟನ್ನೇ ಮಾಡಿದ್ದರೆ, ಮೂಲಸ್ಥಿತಿಯ ಈ ವಿವಾದಕ್ಕೆ ಆಸ್ಪದವೇ ಇರುತ್ತಿರಲಿಲ್ಲ.