ಘಟ್ಟದ ಕೆಲಸಕ್ಕೆ ಹಳೆಯ ಜೆಸಿಬಿ

ಶೃಂಗೇರಿಯ ಮೇಲಿನ ಗುಡ್ಡಗಳಲ್ಲಾಗಲಿ, ಕೊಡಗಿನ ತೋಟಗಳ ಒಳಗಾಗಲಿ ದುಡಿಯುವ ಜೆಸಿಬಿಗೆ ಇರುವುದು ಒಂದೇ ಪರೀಕ್ಷೆ: ಕೆಟ್ಟು ನಿಂತರೆ ನಿಂತಲ್ಲೇ ರಿಪೇರಿಯಾಗುತ್ತದೆಯೇ? ಮಳೆಗಾಲದಲ್ಲಿ ಧರೆ ಕುಸಿದು ರಸ್ತೆ ಮುಚ್ಚಿದರೆ ಎಷ್ಟೋ ಊರುಗಳಿಗೆ ಆ ಒಂದು ಗಾಡಿಯೇ ಗತಿ. ಏಳು ಟನ್ ಮೀರಿ ತೂಗುವ ಅದನ್ನು ಆ ಹೊತ್ತಿನಲ್ಲಿ ಪೇಟೆಗೆ ಸಾಗಿಸುವ ಮಾತೇ ಇಲ್ಲ.

ಈ ದೃಷ್ಟಿಯಿಂದ 2021ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ತಿಂಗಳಿಂದ ಟೈರಿನ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ ನಾಲ್ಕನೇ ಹಂತದ ಹೊಗೆ ನಿಯಮ ಜಾರಿಗೆ ಬಂತು. ಅದರೊಂದಿಗೆ ಕಾಮನ್ ರೈಲ್ ಇಂಜಿನ್ನು, ಸೆನ್ಸರುಗಳು ಬಂದವು. ನಿಯಮ ಬೇಕಾದದ್ದೇ, ಹೊಗೆ ಕಡಿಮೆಯಾಗಿದೆ. ಆದರೆ ಕಾಡಿನ ನಡುವೆ ಒಂದು ಸೆನ್ಸರ್ ಕೈಕೊಟ್ಟರೆ ಲ್ಯಾಪ್‌ಟಾಪ್ ಹಿಡಿದ ಮೆಕ್ಯಾನಿಕ್ ಬರುವ ತನಕ ಕಾಯಬೇಕು. ಜೆಸಿಬಿಯ ಹಳೆಯ 3ಡಿಎಕ್ಸ್ ಮಾದರಿಯಲ್ಲಿ ಇರುವುದು ಮೆಕ್ಯಾನಿಕಲ್ ಡೀಸೆಲ್ ಪಂಪು. ಏರ್ ಲಾಕ್ ಆದರೆ ಆಪರೇಟರ್ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪು ಒತ್ತುತ್ತಾನೆ. ನೊರೆ ನಿಂತು ಬರೀ ಡೀಸೆಲ್ ಬಂದೊಡನೆ ಸ್ಕ್ರೂ ಬಿಗಿದು ಸೆಲ್ಫ್ ಹೊಡೆಯುತ್ತಾನೆ. ಒಂದು ಸ್ಪ್ಯಾನರ್ ಸಾಕು.

ಹಾಗಂತ ಅದರಲ್ಲಿ ಕರೆಂಟಿನ ಕೆಲಸವೇ ಇಲ್ಲವೆಂದಲ್ಲ. ಮುಂದೆ-ಹಿಂದೆ ಹೋಗುವ ಲಿವರ್ ನಡೆಯುವುದು ಸೊಲೆನಾಯ್ಡ್ ಮೇಲೆ. ಇಲಿ ವೈರ್ ಕಡಿದರೆ ಗಾಡಿ ಕದಲುವುದಿಲ್ಲ. ಆದರೂ ಆ ವೈರನ್ನು ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕಬಹುದು.

ಹಳೆಯದೆಲ್ಲ ಒಳ್ಳೆಯದೂ ಅಲ್ಲ. ಅವರ್ ಮೀಟರನ್ನು ನಂಬಬೇಡಿ, ಹೊಸದಾಗಿ ಬಳಿದ ಹಳದಿ ಬಣ್ಣವನ್ನಂತೂ ನಂಬಲೇಬೇಡಿ. ಅದರಡಿ ಬಿರುಕಿಗೆ ಹಾಕಿದ ವೆಲ್ಡಿಂಗ್ ಅಡಗಿರಬಹುದು. ಬೂಮಿನ ಬುಡದಲ್ಲಿ, ಕಿಂಗ್‌ಪೋಸ್ಟ್ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ. ಹಿಂದಿನ ಬಕೆಟ್ಟನ್ನು ನೆಲದಿಂದ ಗೇಣುದ್ದ ಮೇಲೆ ನಿಲ್ಲಿಸಿ ಅಡ್ಡಡ್ಡ ಅಲುಗಾಡಿಸಿ. ಪಿನ್ನು-ಬುಷ್ಷು ಸವೆದಿದ್ದರೆ ಹೆದರಬೇಕಿಲ್ಲ, ಬದಲಿಸಬಹುದು. ಬುಷ್ ಕೂರುವ ತೂತೇ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಲೈನ್ ಬೋರಿಂಗ್ ಮಾಡಿಸಬೇಕು. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ತಣ್ಣಗಿರುವಾಗ ಸವೆದ ಹೈಡ್ರಾಲಿಕ್ಸ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಎರಡು ಗಂಟೆ ಅಗೆಸಿ ಆಯಿಲ್ ಬಿಸಿಯಾದ ಮೇಲೆ ಬೂಮ್ ಎತ್ತಿ ಇಂಜಿನ್ ಆರಿಸಿ, ದೂರ ನಿಂತು ನೋಡಿ. ನೋಡನೋಡುತ್ತಲೇ ಇಳಿಯತೊಡಗಿದರೆ ಸಿಲಿಂಡರಿನ ಸೀಲೋ ಕಂಟ್ರೋಲ್ ವಾಲ್ವೋ ಸೋರುತ್ತಿದೆ. ಸೀಲ್ ಕಿಟ್ ಅಗ್ಗ, ವಾಲ್ವ್ ಹಾಗಲ್ಲ. ಅದೇ ಬಿಸಿಯಲ್ಲಿ ಏರು ಹತ್ತಿಸಿ. ಇಂಜಿನ್ ಎಷ್ಟು ಕೂಗಿದರೂ ಗಾಡಿ ಎಳೆಯದಿದ್ದರೆ ಗೇರ್‌ಬಾಕ್ಸಿನ ಖರ್ಚು ಕಾದಿದೆ. ಇಳಿಯುವಾಗ ಬ್ರೇಕ್ ನೋಡುವುದನ್ನು ಮರೆಯಬೇಡಿ, ಘಟ್ಟದಲ್ಲಿ ಅದು ಜೀವದ ಪ್ರಶ್ನೆ.

ಕೇಸ್, ಟಾಟಾ ಹಿಟಾಚಿ ಗಾಡಿಗಳು ಕಳಪೆಯೇನಲ್ಲ. ಆದರೆ ಜೆಸಿಬಿ ಕಂಪನಿ 1979ರಿಂದ ಇಲ್ಲಿ ಬೇರೂರಿದೆ. ಅದರ ಬಿಡಿಭಾಗ, ಅದನ್ನು ಬಿಚ್ಚಿ ಕೂಡಿಸಬಲ್ಲ ಕೈಗಳು ಸಣ್ಣ ಪೇಟೆಗಳಲ್ಲೂ ಸಿಗುತ್ತವೆ. ಬೇರೆ ಗಾಡಿ ಅಗ್ಗಕ್ಕೆ ಸಿಕ್ಕರೆ, ಅದರ ಸೀಲ್ ಕಿಟ್ ನಿಮ್ಮ ಪೇಟೆಯ ಅಂಗಡಿಯಲ್ಲಿದೆಯೇ ಎಂದು ವಿಚಾರಿಸಿಯೇ ಮುಂಗಡ ಕೊಡಿ.

ಪಟ್ಟಣದ ಗುತ್ತಿಗೆದಾರರಿಗೆ ಹೊಸದೇ ಸರಿ. ಗುಡ್ಡದ ಮೇಲಿನ ಕೆಲಸಕ್ಕಾದರೆ, ಒಬ್ಬರೇ ಮಾಲೀಕರ ಕೈಯಲ್ಲಿದ್ದ, ಕಾಲಕಾಲಕ್ಕೆ ಗ್ರೀಸ್ ಕಂಡ, ಆರ್‌ಸಿ-ಇನ್ಶೂರೆನ್ಸ್ ಸರಿಯಿರುವ 2020ರೊಳಗಿನ ಗಾಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನೋಡಲು ಹೋಗುವಾಗ ನಾಳೆ ಅದನ್ನು ಓಡಿಸಬೇಕಾದ ಆಪರೇಟರನ್ನು ಜೊತೆಗೆ ಕರೆದುಕೊಂಡು ಹೋಗಿ.