ಸಾಣೆಯಂತ್ರದ ನೆಲೆ

ಬಿಡುವಿನ ವೇಳೆಯಲ್ಲಿ ಮರವನ್ನೂ ಲೋಹವನ್ನೂ ಕೈಯಾರೆ ತಿದ್ದಿ ರೂಪಿಸುವ ಅಭಿರುಚಿಯುಳ್ಳವರು, ಮನೆಯ ಹಿಂಬದಿಯ ಕೋಣೆಯನ್ನೋ ಕಾರ್ ಷೆಡ್ಡಿನ ಒಂದು ಪಾರ್ಶ್ವವನ್ನೋ ತಮ್ಮ ಕಾರ್ಯಾಗಾರವನ್ನಾಗಿ ಮಾಡಿಕೊಂಡ ಮೇಲೆ ಬಹು ಬೇಗ ಕೊಂಡು ತರುವ ಯಂತ್ರಗಳಲ್ಲಿ ಬೆಂಚ್ ಗ್ರೈಂಡರ್ ಎಂಬ ಸಾಣೆಯಂತ್ರ ಒಂದು. ಕೊಳ್ಳುವಾಗ ಚಕ್ರದ ವ್ಯಾಸವನ್ನೂ ಮೋಟಾರಿನ ಶಕ್ತಿಯನ್ನೂ ಕುರಿತು ಅಂಗಡಿಯಿಂದ ಅಂಗಡಿಗೆ ಅಲೆದು ವಿಚಾರಿಸುವ ಇವರೇ, ಅದನ್ನು ಮನೆಗೆ ತಂದೊಡನೆ, ಮೇಜಿನ ಮೇಲೆ ಎಲ್ಲಿ ಒಂದು ಗೇಣು ಜಾಗ ತೆರವಾಗಿದೆಯೋ ಅಲ್ಲಿ ಕೂರಿಸಿ, ಎರಡು ಸ್ಕ್ರೂಗಳನ್ನು ಬಿಗಿದು, ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಯಂತ್ರದ ಅರ್ಧಭಾಗವು ಅಂಗಡಿಯಲ್ಲಿ ದೊರೆಯುವುದೇ ಇಲ್ಲ. ಅದು ನಿಲ್ಲುವ ನೆಲೆ, ಅದರ ಎತ್ತರ, ಅದರ ಅಡಿಯಲ್ಲಿರಬೇಕಾದ ಭಾರ, ಅದರ ಚಕ್ರಗಳ ಎದುರಿಗೆ ಬಿಡಬೇಕಾದ ತೆರಪು, ಇವೆಲ್ಲವನ್ನೂ ಕೊಂಡವನೇ ವಿಚಾರ ಮಾಡಿ ಒದಗಿಸಬೇಕು. ಒದಗಿಸದೆ ಹೋದರೆ ದುಬಾರಿಯ ಯಂತ್ರವೂ ಉಳಿಯ ಬಾಯನ್ನು ಕೆಡಿಸುತ್ತದೆ. ಒದಗಿಸಿದ ಪಕ್ಷದಲ್ಲಿ ಸಾಧಾರಣ ಬೆಲೆಯದೂ ವರ್ಷಗಟ್ಟಲೆ ನಿಷ್ಠೆಯಿಂದ ದುಡಿಯುತ್ತದೆ.

ಇದರ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನಿಂದ ನಡೆಯುವ ಸಾಮಾನ್ಯ ಬೆಂಚ್ ಗ್ರೈಂಡರು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. ಆಗ 150 ಮಿಲಿಮೀಟರ್ ವ್ಯಾಸದ ಚಕ್ರದ ಪರಿಧಿಯು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಿಂದಲೂ, 200 ಮಿಲಿಮೀಟರಿನದು 100 ಕಿಲೋಮೀಟರಿಗೂ ಮಿಕ್ಕ ವೇಗದಿಂದಲೂ ಹಾಯುತ್ತದೆ. ಅಲ್ಯುಮಿನಿಯಂ ಆಕ್ಸೈಡಿನ ಹರಳುಗಳನ್ನು ಜೇಡಿಯಂಥ ಬಂಧಕದೊಡನೆ ಕಲಸಿ, ಅಚ್ಚಿನಲ್ಲಿ ಒತ್ತಿ, ಉಗ್ರವಾದ ಶಾಖದಲ್ಲಿ ಸುಟ್ಟು ಮಾಡಿದ ಈ ಚಕ್ರವು ಎಲ್ಲ ಕಡೆಯಲ್ಲಿಯೂ ಸಮಾನ ಸಾಂದ್ರತೆಯದಾಗಿರುವುದು ಅಪೂರ್ವ. ಅದರ ನಡುವಣ ರಂಧ್ರವೂ ದಂಡದ ಮೇಲೆ ಕೂದಲೆಳೆಯಷ್ಟಾದರೂ ಸಡಿಲವಾಗಿಯೇ ಕೂಡುತ್ತದೆ. ಚಕ್ರದ ಒಂದು ಪಕ್ಕದಲ್ಲಿ, ಕೇಂದ್ರದಿಂದ ಏಳು ಸೆಂಟಿಮೀಟರ್ ದೂರದಲ್ಲಿ, ಕೇವಲ ಹತ್ತು ಗ್ರಾಮಿನಷ್ಟು ತೂಕ ಹೆಚ್ಚಾಗಿದೆಯೆಂದಿಟ್ಟುಕೊಳ್ಳೋಣ. ನಿಂತಾಗ ಗಣನೆಗೇ ಬಾರದ ಆ ಹತ್ತು ಗ್ರಾಮು, ಪೂರ್ಣ ವೇಗದಲ್ಲಿ ತಿರುಗುವಾಗ, ಆರು ಕಿಲೋಗ್ರಾಂ ಭಾರಕ್ಕೂ ಮಿಕ್ಕ ಬಲದಿಂದ ದಂಡವನ್ನು ಹೊರಕ್ಕೆ ಎಳೆಯುತ್ತದೆ. ಎಳೆಯುವ ದಿಕ್ಕಾದರೋ ಸೆಕೆಂಡಿಗೆ ನಲವತ್ತೇಳು ಸಾರಿ ಸುತ್ತಿ ಬರುತ್ತದೆ. ಎಂಟು ಹತ್ತು ಕಿಲೋಗ್ರಾಂ ತೂಗುವ ಯಂತ್ರವೊಂದು ಈ ಎಳೆತವನ್ನು ತಾನೊಂದೇ ತಡೆದು ನಿಲ್ಲಲಾರದು. ಅದಕ್ಕೆ ಆಧಾರವಾದ ವಸ್ತುವಿಗೆ ತಡೆಯುವ ಭಾರವಿಲ್ಲದಿದ್ದರೆ ಆ ವಸ್ತುವೂ ಅದರೊಡನೆ ಅದುರತೊಡಗುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಅರ್ಧ ವೇಗದ, ಎಂದರೆ ನಿಮಿಷಕ್ಕೆ ಸುಮಾರು 1425 ಸುತ್ತಿನ ಯಂತ್ರದಲ್ಲಿ ಈ ಪೀಡೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮರಗೆಲಸದ ಉಳಿಗಳನ್ನೇ ಹೆಚ್ಚಾಗಿ ಹರಿತಗೊಳಿಸುವವರಿಗೆ ಅದು ಮೇಲೆಂದು ನಾನು ಹೇಳುವುದು ಇದಕ್ಕಾಗಿಯೇ.

ಅದುರುವ ಚಕ್ರಕ್ಕೆ ಉಳಿಯನ್ನೊಡ್ಡಿದಾಗ ಅದು ಚಕ್ರವನ್ನು ಮುಟ್ಟುತ್ತಲೂ ಬಿಡುತ್ತಲೂ ಇರುತ್ತದೆ, ಅಲಗಿನ ಮೇಲೆ ಸಣ್ಣ ಸಣ್ಣ ಮಟ್ಟಗಳು ಮೂಡುತ್ತವೆ, ಅದನ್ನು ಸರಿಪಡಿಸಲೆಂದು ಕೈ ಇನ್ನಷ್ಟು ಒತ್ತುತ್ತದೆ, ಒತ್ತಿದಷ್ಟೂ ಶಾಖವೇರುತ್ತದೆ. ಇಂಗಾಲದ ಉಕ್ಕು ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, 300 ಡಿಗ್ರಿಯ ಸಮೀಪದಲ್ಲಿ ನೀಲಿಯಾಗುವುದಷ್ಟೆ. ನೀಲಿಯೇರಿದ ಭಾಗವು ತನ್ನ ಹದವನ್ನು ಕಳೆದುಕೊಂಡಿರುವುದರಿಂದ, ಅಷ್ಟನ್ನೂ ಸವೆಸಿ ತೆಗೆಯುವವರೆಗೆ ಆ ಉಳಿ ಬಾಯಿ ಹಿಡಿಯುವುದಿಲ್ಲ. ಆದುದರಿಂದ ಹದಗೆಟ್ಟ ಉಳಿಗೆ ಕಾರಣವನ್ನು ಹುಡುಕುವವನು ಚಕ್ರದ ಮೇಲಿನ ಕಣ್ಣನ್ನು ಒಮ್ಮೆ ಕೆಳಕ್ಕೆ ಇಳಿಸಿ, ಯಂತ್ರದ ಕಾಲಡಿಯನ್ನು ನೋಡುವುದು ಒಳ್ಳೆಯದು.

ಅಲ್ಲಿ ಕಾಣುವುದು ಸಾಮಾನ್ಯವಾಗಿ ತೆಳು ಹಲಗೆಯ ಅಥವಾ ಪ್ಲೈವುಡ್ಡಿನ ಮೇಜು. ವೀಣೆಯ ಕುಂಭವು ತಂತಿಯ ನಾದವನ್ನು ವರ್ಧಿಸುವಂತೆ ಇಂಥ ಮೇಜು ಯಂತ್ರದ ಕಂಪನವನ್ನು ವರ್ಧಿಸುತ್ತದೆ. ಮೇಲಿಟ್ಟ ಮೊಳೆಗಳು ತಾವಾಗಿ ನಡೆಯತೊಡಗುತ್ತವೆ, ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು ಗಲಗಲಿಸುತ್ತವೆ. ಮೇಜಿನ ಮೇಲೆಯೇ ಇಡಬೇಕಾದ ನಿರ್ಬಂಧವಿದ್ದರೆ, ಹಲಗೆಯ ನಡುವಣ ಭಾಗವನ್ನು ಬಿಟ್ಟು, ಮೇಜಿನ ಕಾಲಿನ ನೇರಕ್ಕೆ, ಮೂಲೆಯಲ್ಲಿ ಕೂರಿಸಬೇಕು. ಅಡಿಗೆ ಎರಡಂಗುಲ ದಪ್ಪದ ಗಟ್ಟಿ ಮರದ ತುಂಡನ್ನು ಕೊಟ್ಟು, ಮೇಲಿನಿಂದ ಕೆಳಗಿನವರೆಗೆ ಹಾಯುವ ಬೋಲ್ಟುಗಳನ್ನೇ ಬಳಸಬೇಕು. ಮರಕ್ಕೆ ತಿರುಗಿಸಿ ಇಳಿಸಿದ ಸ್ಕ್ರೂ ಇಂಥ ಕಂಪನದಲ್ಲಿ ತನ್ನ ರಂಧ್ರವನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ.

ಆದರೆ ಗ್ರೈಂಡರಿಗೆ ಪ್ರತ್ಯೇಕವಾದ ಪೀಠವಿರುವುದೇ ಉತ್ತಮಪಕ್ಷವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪೇಟೆಯಲ್ಲಿ ದೊರೆಯುವ ತಗಡಿನ ಸ್ಟ್ಯಾಂಡುಗಳು ಬಹುಮಟ್ಟಿಗೆ ಹಗುರ. ಇವುಗಳಿಗಿಂತ ನಾಲ್ಕಂಗುಲ ವ್ಯಾಸದ ಕಬ್ಬಿಣದ ಪೈಪಿಗೆ ಮೇಲೂ ಕೆಳಗೂ ದಪ್ಪ ತಗಡನ್ನು ವೆಲ್ಡಿಂಗ್ ಮಾಡಿಸಿ, ಒಳಗೆ ಚೆನ್ನಾಗಿ ಒಣಗಿದ ಮರಳನ್ನು ತುಂಬಿಸಿಕೊಳ್ಳುವುದು ಮೇಲು. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಲ್ಲಿಯೇ ಕಂಪನದ ಶಕ್ತಿ ವ್ಯಯವಾಗಿ ಹೋಗುತ್ತದೆ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಸಿಕ್ಕುವ ಲಾರಿಯ ಹಳೆಯ ಬ್ರೇಕ್ ಡ್ರಮ್ಮು ಇಂಥ ಪೈಪಿಗೆ ತಕ್ಕ ಅಡಿಗಟ್ಟು. ಬೀಡುಕಬ್ಬಿಣಕ್ಕೆ ಕಂಪನವನ್ನು ಹೀರುವ ಗುಣ ಸ್ವಭಾವಸಿದ್ಧವಾಗಿಯೇ ಇದೆ. ಅದನ್ನು ಪೈಪಿಗೆ ಬೆಸೆಯಹೋಗದೆ ಬೋಲ್ಟಿನಿಂದ ಬಂಧಿಸಬೇಕು, ಏಕೆಂದರೆ ಬೀಡುಕಬ್ಬಿಣದ ಬೆಸುಗೆ ಸುಲಭವಾಗಿ ಬಿರುಕುಬಿಡುತ್ತದೆ. ನೆಲ ಸಮವಿಲ್ಲದ ಹಳೆಯ ಮನೆಗಳಲ್ಲಿ ಅಡಿಗೆ ಮೂರು ಕಾಲುಗಳನ್ನು ಕೊಡಿಸುವುದು ಜಾಣತನ. ಮೂರು ಕಾಲಿನ ಪೀಠ ಎಂಥ ನೆಲದ ಮೇಲೂ ಕುಂಟುವುದಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೂ ಸುಲಭವಾದ, ಇದಕ್ಕಿಂತ ಶ್ರೇಷ್ಠವಾದ ಇನ್ನೊಂದು ಉಪಾಯವುಂಟು, ಅದು ಕಲ್ಲು. ಬೆಂಗಳೂರಿನ ಸುತ್ತಮುತ್ತ ದೇವನಹಳ್ಳಿಯ ಕಡೆಯ ಸಾದರಹಳ್ಳಿ ಕಲ್ಲಿನ ಚಪ್ಪಡಿಯನ್ನು ಮನೆಯ ಕಟ್ಟಡಕ್ಕಾಗಿ ತರಿಸದವರು ವಿರಳ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಮೂರಂಗುಲ ದಪ್ಪದ ಒಂದು ಚಪ್ಪಡಿ 50 ಕಿಲೋಗ್ರಾಮಿಗೂ ಮೀರಿ ತೂಗುತ್ತದೆ. ಕೋಣೆಯ ಗೋಡೆಯಿಂದ ಸ್ವಲ್ಪ ಬಿಡಿಸಿ ಇಟ್ಟಿಗೆಯ ಎರಡು ಮೋಟುಗಂಬಗಳನ್ನು ಸಿಮೆಂಟುಗಾರೆಯಲ್ಲಿ ಕಟ್ಟಿಸಿ, ಅವುಗಳ ಮೇಲೆ ಈ ಚಪ್ಪಡಿಯನ್ನು ರಸಮಟ್ಟ ಹಿಡಿದು ಕೂರಿಸಿ, ಕಲ್ಲುಕೆಲಸದವರಿಂದ ಬೋಲ್ಟಿನ ರಂಧ್ರಗಳನ್ನು ಮೊದಲೇ ಕೊರೆಯಿಸಿಟ್ಟುಕೊಂಡರೆ, ಅದರ ಮೇಲೆ ನಿಂತ ಯಂತ್ರದ ದನಿಯೇ ಬೇರೆ. ಗದ್ದಲವೆಲ್ಲ ಅಡಗಿ ಚಕ್ರದ ಸುಯ್ಯೆಂಬ ಶಬ್ದವೊಂದೇ ಉಳಿಯುತ್ತದೆ. ತುಂಬಿದ ಲೋಟದ ನೀರನ್ನು ಪಕ್ಕದಲ್ಲಿಟ್ಟರೂ ಮೇಲ್ಮೈ ಕದಡುವುದು ಕಷ್ಟ. ಕೊರೆಯುವಾಗ ಕಡಪದ ಕಲ್ಲು ಪದರುಪದರಾಗಿ ಸೀಳುವ ಭಯವಿರುವುದರಿಂದ ಈ ಕೆಲಸಕ್ಕೆ ಅದು ಒದಗದು.

ಯಂತ್ರದೊಡನೆ ಬರುವ ರಬ್ಬರಿನ ಪಾದಗಳ ವಿಷಯದಲ್ಲಿ ಒಂದು ಮಾತು. ಅವು ಕಂಪನವನ್ನು ಪೀಠಕ್ಕೆ ದಾಟಗೊಡದಂತೆ ಇರಿಸಿದವು. ಶಕ್ತಿಯಿದೆಯೆಂದು ನಟ್ಟನ್ನು ತಿರುಗಿಸುತ್ತಲೇ ಹೋಗಿ ರಬ್ಬರನ್ನು ಅಪ್ಪಚ್ಚಿ ಮಾಡಿದರೆ ಅವು ಇದ್ದೂ ಇಲ್ಲದಂತಾಗುತ್ತವೆ. ರಬ್ಬರು ತುಸುವೇ ಅಮುಕಿದೊಡನೆ ನಿಲ್ಲಿಸಿ, ಸಡಿಲವಾಗದಿರಲೆಂದು ಎರಡನೆಯ ನಟ್ಟೊಂದನ್ನು ಮೊದಲನೆಯದರ ಮೇಲೆ ಬಿಗಿಯಬೇಕು. ಗೋಡೆಗೆ ಬ್ರಾಕೆಟ್ಟು ಹೊಡೆಸಿ ಅದರ ಮೇಲೆ ಇಡುವ ಪದ್ಧತಿಯೂ ಇದೆ. ಒಂಬತ್ತಂಗುಲದ ಇಟ್ಟಿಗೆ ಗೋಡೆ ಅದನ್ನು ತಾಳಬಲ್ಲುದಾದರೂ ಆಚೆಯ ಕೋಣೆಯಲ್ಲಿ ಮಲಗಿದವರು ತಾಳಲಾರರು.

ಎತ್ತರದ ಪ್ರಶ್ನೆಗೆ ಬರೋಣ. ಊರೂರು ತಿರುಗಿ ಕತ್ತಿ ಕತ್ತರಿಗಳಿಗೆ ಸಾಣೆ ಹಿಡಿಯುವ ಕಸುಬಿನವರನ್ನು ಗಮನವಿಟ್ಟು ನೋಡಿದವರಿಗೆ ಇದರ ಮರ್ಮ ತಿಳಿದೇ ಇರುತ್ತದೆ. ಸ್ಟ್ಯಾಂಡು ಹಾಕಿದ ಸೈಕಲ್ಲಿನ ಮೇಲೆ ಕುಳಿತು ಪೆಡಲು ತುಳಿಯುತ್ತಿರುವಾಗ ಚಕ್ರವು ಅವರ ಎದೆಯ ಕೆಳಭಾಗಕ್ಕೆ ಸಮವಾಗಿರುತ್ತದೆ. ಮೊಣಕೈಗಳೆರಡೂ ಪಕ್ಕೆಗೆ ಆತುಕೊಂಡಿರುತ್ತವೆ. ಕತ್ತಿಯನ್ನು ನಡೆಸುವುದು ತೋಳೊಂದೇ ಅಲ್ಲ, ನಡುವಿನಿಂದ ಮೇಲಿನ ಇಡೀ ದೇಹ. ನಿಂತು ಕೆಲಸ ಮಾಡುವ ನಾವೂ ಇದನ್ನೇ ಅನುಸರಿಸತಕ್ಕದ್ದು. ನೆಟ್ಟಗೆ ನಿಂತು, ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮುಂಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿದಾಗ ಅದು ಯಾವ ಎತ್ತರದಲ್ಲಿರುವುದೋ ಆ ಎತ್ತರಕ್ಕೆ, ಚಕ್ರದ ಮುಂದೆ ಉಳಿಯನ್ನು ಆನಿಸಿ ಹಿಡಿಯುವ ಟೂಲ್ ರೆಸ್ಟ್ ಬರಬೇಕು. ಐದೂವರೆ ಅಡಿಯ ಮನುಷ್ಯನಿಗೆ ಇದು ನೆಲದಿಂದ ಸುಮಾರು 105 ಸೆಂಟಿಮೀಟರು. ಸಾಮಾನ್ಯ ಕೆಲಸದ ಮೇಜಿನ ಎತ್ತರ 85 ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ, ಅದರ ಮೇಲೆ ನೇರವಾಗಿ ಇಟ್ಟ ಗ್ರೈಂಡರಿನ ಮುಂದೆ ನಿಂತವನು ಬೆನ್ನು ಬಗ್ಗಿಸಿ, ಮುಖವನ್ನು ಕಿಡಿಗಳ ಹತ್ತಿರಕ್ಕೆ ಒಯ್ಯುವುದು ಅನಿವಾರ್ಯವಾಗುತ್ತದೆ. ಉಳಿಯ ಸೂಕ್ಷ್ಮವಾದ ಅಂಚನ್ನೇ ನೋಡುತ್ತ ಸಾಣೆ ಹಿಡಿಯುವವರು ಇನ್ನೂ ನಾಲ್ಕೈದು ಸೆಂಟಿಮೀಟರ್ ಮೇಲೇರಿಸಿಕೊಳ್ಳಬಹುದು. ಬೆಸುಗೆಯ ಗಂಟುಗಳನ್ನು ಮೈಭಾರ ಹಾಕಿ ಸವೆಸುವವರು ಅಷ್ಟೇ ಇಳಿಸಿಕೊಳ್ಳಬಹುದು. ಮನೆಯಲ್ಲಿ ಇಬ್ಬರು ಬಳಸುವವರಿದ್ದರೆ ಎತ್ತರದವರ ಅಳತೆಗೆ ಪೀಠವನ್ನು ಕಟ್ಟಿಸಿ, ಇನ್ನೊಬ್ಬರು ನಿಲ್ಲಲು ಅಗಲವಾದ ಭದ್ರ ಮಣೆಯೊಂದನ್ನು ಮಾಡಿಸುವುದು ಸರಿ.

ಚಕ್ರಗಳು ಪೀಠದ ಅಂಚಿನಿಂದ ಸ್ವಲ್ಪ ಮುಂದಕ್ಕೆ ಚಾಚಿರಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಉದ್ದ ಹಿಡಿಯ ಉಳಿಯನ್ನು ಚಕ್ರಕ್ಕೆ ತಕ್ಕ ಕೋನದಲ್ಲಿ ಒಡ್ಡಬೇಕಾದರೆ ಹಿಡಿಯು ಕೆಳಕ್ಕೆ ಇಳಿಯಬೇಕು. ಚಕ್ರವು ಅಂಚಿನ ಒಳಗೆ ಹುದುಗಿದ್ದರೆ ಹಿಡಿ ಚಪ್ಪಡಿಗೆ ತಾಗಿ, ಕೋನವನ್ನು ಕೈ ನಿರ್ಣಯಿಸುವುದರ ಬದಲು ಕಲ್ಲು ನಿರ್ಣಯಿಸುತ್ತದೆ. ಎಡಬಲಗಳಲ್ಲಿಯೂ ಕನಿಷ್ಠ ಎರಡೆರಡು ಅಡಿ ಬಯಲಿರಬೇಕು. ಮಚ್ಚು, ಹಾರೆ, ತೋಟದ ಗುದ್ದಲಿ ಮೊದಲಾದುವು ಮೂಲೆಯಲ್ಲಿ ಸಿಕ್ಕಿಕೊಂಡ ಯಂತ್ರದ ಬಳಿಗೆ ಬರಲಾರವು.

ಕೋಣೆಯಲ್ಲಿ ಸ್ಥಳವನ್ನು ಆರಿಸುವಾಗ ಮೊದಲು ನೋಡಬೇಕಾದುದು ಬಾಗಿಲನ್ನು. ಚಕ್ರವೇನಾದರೂ ಒಡೆದರೆ ಅದರ ಚೂರುಗಳು ಹಾರುವುದು ಅದು ತಿರುಗುವ ಸಮತಲದಲ್ಲಿಯೇ. ಎರಡು ಚಕ್ರಗಳ ಈ ಎರಡು ಸಮತಲಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೂ ಎದುರು ಗೋಡೆಯ ಮೇಲೂ ಗೆರೆ ಹೊಡೆದು ನೋಡಿದರೆ, ಆ ಗೆರೆಗಳ ಮೇಲೆ ಬಾಗಿಲಾಗಲಿ, ಮಕ್ಕಳು ಬಂದು ನಿಲ್ಲುವ ಹೊಸ್ತಿಲಾಗಲಿ ಇರಕೂಡದು. ಹಿಂದಿನಿಂದ ಬಂದವರು ಬೆನ್ನು ತಟ್ಟಿ ಕರೆಯುವ ಸಂಭವವೂ ಇರಬಾರದಾದುದರಿಂದ, ಬರುವವರು ಕಣ್ಣಿಗೆ ಬೀಳುವಂತೆ ಪಕ್ಕಕ್ಕೆ ಬಾಗಿಲಿರುವ ಗೋಡೆಯೇ ಪ್ರಶಸ್ತ. ಕಿಡಿಗಳು ಕೆಳಕ್ಕೂ ಮುಂದಕ್ಕೂ ಚೆಲ್ಲುತ್ತವೆ. ತೋಪಡದ ಹೊಟ್ಟು, ಥಿನ್ನರಿನ ಡಬ್ಬಿ, ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆ ಇವು ಆ ಕಡೆಯಲ್ಲಿ ಇರಲೇಬಾರದು. ಕಿಡಿಯೊಡನೆ ಉದುರುವ ಹರಳಿನ ಪುಡಿ ಉಕ್ಕನ್ನೇ ಸವೆಸಬಲ್ಲಷ್ಟು ಕಠಿನ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯ ಹಳೆಯ ಲೇತೊಂದನ್ನು ಹುಡುಕಿ ತಂದು ಜೋಪಾನವಾಗಿಟ್ಟುಕೊಂಡಿರುವ ಭಾಗ್ಯವಂತರು, ಅದು ಒಂದು ಗೋಡೆಯಲ್ಲಿದ್ದರೆ ಗ್ರೈಂಡರನ್ನು ಎದುರು ಗೋಡೆಗೆ ಇಡುವುದು ಅತ್ಯವಶ್ಯ. ಎಣ್ಣೆ ಸವರಿದ ಲೇತಿನ ಹಾಸಿನ ಮೇಲೆ ಕೂತ ಈ ಪುಡಿ ತಾನೇ ಒಂದು ಸಾಣೆಯಾಗಿ ಅದರ ನಿಖರತೆಯನ್ನು ದಿನದಿನವೂ ತಿನ್ನುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜಗಲಿಯ ಮೇಲೆ ಯಂತ್ರವನ್ನಿಡುವ ರೂಢಿಯುಂಟು. ಮಳೆಯ ಎರಚಲು ತಗಲಿದ ಚಕ್ರ, ಸೂಕ್ಷ್ಮರಂಧ್ರಗಳುಳ್ಳದ್ದಾದುದರಿಂದ, ಒಂದು ಪಕ್ಕದಲ್ಲಿ ನೀರನ್ನು ಹೀರಿಕೊಂಡು ಭಾರವಾಗುತ್ತದೆ. ಮೇಲೆ ಹೇಳಿದ ಹತ್ತು ಗ್ರಾಮು ಬರಲು ಅಷ್ಟೇ ಸಾಕು.

ಬೆಳಕು ಭುಜದ ಮೇಲಿನಿಂದ ಟೂಲ್ ರೆಸ್ಟಿನ ಮೇಲೆ ಬೀಳಬೇಕು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಾರಿ ಮಿನುಗುವುದರಿಂದ ಅದರ ಬೆಳಕಿನಲ್ಲಿ ತಿರುಗುವ ಚಕ್ರ ನಿಂತಂತೆಯೋ ಮೆಲ್ಲನೆ ಸರಿಯುವಂತೆಯೋ ಕಾಣುವ ಅಪಾಯವಿದೆ. ಸ್ವಿಚ್ಚು ಆರಿಸಿದ ಮೇಲೂ ಚಕ್ರವು ಬಹಳ ಹೊತ್ತು ಸದ್ದಿಲ್ಲದೆ ತಿರುಗುತ್ತಿರುವುದನ್ನು ಇದರ ಜೊತೆಗೆ ಸೇರಿಸಿಕೊಂಡರೆ ಮಿನುಗದ ದೀಪವೊಂದನ್ನು ಬೇರೆಯಾಗಿ ಹಾಕಿಸುವ ಖರ್ಚು ಹೆಚ್ಚೆನಿಸದು. ಸ್ವಿಚ್ಚಿಗೆ ಕೈ ಚಾಚುವಾಗ ತೋಳು ಚಕ್ರದ ಎದುರಿಗೆ ಹಾಯಬಾರದು. ಅರ್ತಿಂಗ್ ಸರಿಯಾಗಿರುವ ಮೂರು ಪಿನ್ನಿನ ಸಾಕೆಟ್ಟು ಹತ್ತಿರದಲ್ಲೇ ಇರಬೇಕು. ಉಳಿಯನ್ನು ಅದ್ದಿ ತಣಿಸುವ ನೀರಿನ ಪಾತ್ರೆ ಸಾಕೆಟ್ಟಿನಿಂದ ದೂರವಾಗಿ, ಕೈಗೆ ಎಟಕುವಂತೆ ಇರಬೇಕು. ಕೈಗವಸು, ಪಂಚೆಯ ಅಂಚು, ಸೀರೆಯ ಸೆರಗು ಇವುಗಳಲ್ಲಿ ಯಾವುದೂ ಚಕ್ರದ ಬಳಿ ಸುಳಿಯತಕ್ಕದ್ದಲ್ಲ; ಕಣ್ಣಿಗೆ ಕನ್ನಡಕವಿಲ್ಲದೆ ಸ್ವಿಚ್ಚು ಹಾಕತಕ್ಕದ್ದಲ್ಲ.

ಎಲ್ಲವೂ ಸ್ಥಿರವಾಗಿ ನಿಂತ ಮೇಲೆ, ಚಕ್ರಗಳನ್ನು ಬಿಚ್ಚಿ, ಬೆರಳ ಮೇಲೆ ತೂಗಿಹಿಡಿದು, ಮರದ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡಬೇಕು. ಸ್ವಚ್ಛವಾದ ನಾದ ಬಂದರೆ ಬಿರುಕಿಲ್ಲ, ಮೊದ್ದಾದ ಶಬ್ದ ಬಂದರೆ ಅದನ್ನು ಒಡೆದು ಎಸೆಯುವುದೇ ಸರಿ. ಮರಳಿ ಜೋಡಿಸುವಾಗ ಎಡಗಡೆಯ ನಟ್ಟು ವಿರುದ್ಧ ದಿಕ್ಕಿಗೆ ಬಿಗಿಯಾಗುವುದೆಂಬುದನ್ನೂ, ಚಕ್ರದ ಎರಡು ಬದಿಯ ಕಾಗದದ ಬಿಲ್ಲೆಗಳನ್ನು ಕಿತ್ತು ಹಾಕಬಾರದೆಂಬುದನ್ನೂ ನೆನಪಿಡಬೇಕು. ಟೂಲ್ ರೆಸ್ಟಿಗೂ ಚಕ್ರಕ್ಕೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ತೆರಪಿದ್ದರೆ ಉಳಿ ಒಳಗೆ ಸೆಳೆಯಲ್ಪಡುತ್ತದೆ. ಚಕ್ರ ಸವೆದಂತೆಲ್ಲ ಟೂಲ್ ರೆಸ್ಟನ್ನು ಅದರತ್ತ ಸರಿಸುತ್ತಿರಬೇಕು. ಮೊದಲ ಸಲ ಚಾಲನೆ ಕೊಟ್ಟು ಒಂದು ನಿಮಿಷದವರೆಗೆ, ಸೀಮೆಸುಣ್ಣದ ಗೆರೆಗಳಿಂದ ಆಚೆಗೆ, ಪಕ್ಕದಲ್ಲಿ ನಿಲ್ಲಬೇಕು. ಬಳಿಕ ವಜ್ರದ ಡ್ರೆಸ್ಸರಿನಿಂದ ಚಕ್ರದ ಮುಖವನ್ನು ದುಂಡಗೆ ತಿದ್ದಿದರೆ ಉಳಿದ ಕಂಪನವೂ ಬಹುಪಾಲು ಇಳಿಯುತ್ತದೆ. ಒಂದು ವಾರದ ಕೆಲಸವಾದ ಮೇಲೆ ಪೀಠದ ನಟ್ಟುಗಳನ್ನೆಲ್ಲ ಸ್ಪ್ಯಾನರಿನಿಂದ ಮುಟ್ಟಿ ನೋಡತಕ್ಕದ್ದು, ಅಡಿಯಲ್ಲಿ ಮರದ ತುಂಡು ಇದ್ದ ಪಕ್ಷದಲ್ಲಿ ಬೇಸಗೆ ಕಳೆದಾಗ ಇನ್ನೊಮ್ಮೆ. ಮರ ಒಣಗಿ ಕುಗ್ಗಿರುತ್ತದೆ.