ಹಾಡಿದವರಿಗೆ ಸಭೆ, ಮಾಡಿದವರಿಗೆ ಸರ್ಟಿಫಿಕೇಟು

ಮಿರಜದ ಸೂಫಿ ಸಂತ ಮೀರಾಸಾಹೇಬರ ದರ್ಗಾದ ಉರುಸಿನಲ್ಲಿ ಪ್ರತಿವರ್ಷ ನಡೆಯುವ ಅಬ್ದುಲ್ ಕರೀಮ್ ಖಾನ್ ಸಂಗೀತ ಸಭೆಯ ಬಗ್ಗೆ ನಮ್ಮ ಕಡೆ ಬರೆದವರೆಲ್ಲ ಚಪ್ಪಲಿಯ ಜೊತೆಗೆ ಪ್ರಶ್ನೆಗಳನ್ನೂ ಹೊರಗೇ ಬಿಟ್ಟು ಒಳಗೆ ಹೋದವರು. ಭಾವೈಕ್ಯ, ಸ್ವರಕ್ಕೆ ಜಾತಿಯಿಲ್ಲ, ಸಂತರ ನೆಲ ಎಂಬ ಮಾತುಗಳು ಮುಗಿಯುವ ಹೊತ್ತಿಗೆ ಲೇಖನವೂ ಮುಗಿದಿರುತ್ತದೆ. ಆ ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಊರು ತನ್ನ ಮುಸ್ಲಿಂ ಕಲಾವಿದರನ್ನು, ಕೈಕೆಲಸದವರನ್ನು, ದಲಿತ ಸಮಾಜವನ್ನು ನಿಜಕ್ಕೂ ಹೇಗೆ ಗೌರವಿಸುತ್ತದೆ ಎಂದು ಒರೆಗೆ ಹಚ್ಚಿ ನೋಡಬೇಕೆಂದರೆ ಕೃಷ್ಣೆಯ ಈ ಭಾಗದಲ್ಲಿ ಮಿರಜದಂಥ ಊರು ಇನ್ನೊಂದಿಲ್ಲ. ಒಂದೇ ದರ್ಗಾದ ಸುತ್ತಮುತ್ತ ಇಲ್ಲಿ ಬೇರೆಬೇರೆ ಬಗೆಯ ಗೌರವಗಳಿವೆ. ಅವೆಲ್ಲ ಒಂದೇ ತೂಕದವಲ್ಲ.

ಖಾನ್‌ಸಾಹೇಬರು ಮಿರಜದಲ್ಲಿ ಹುಟ್ಟಿದವರಲ್ಲ. 1872ರಲ್ಲಿ ಉತ್ತರ ಹಿಂದುಸ್ಥಾನದ ಕೈರಾನಾದಲ್ಲಿ ಹುಟ್ಟಿ, ಬಡೋದೆಯ ದರಬಾರಿನಲ್ಲಿ ಹಾಡಿ, ಅಲ್ಲಿಂದ ಶಿಷ್ಯೆ ತಾರಾಬಾಯಿ ಮಾನೆಯವರ ಜೊತೆ ಹೊರಬಿದ್ದು, 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದು, ಕೊನೆಗೆ ಮಿರಜದಲ್ಲಿ ಬೇರು ಬಿಟ್ಟವರು. ಪ್ಲೇಗು ತಗುಲಿದಾಗ ದರ್ಗಾದಲ್ಲಿ ಕೂತು ಹಾಡಿ ಗುಣವಾದರೆಂದು ಊರವರು ಹೇಳುತ್ತಾರೆ. ಕಥೆ ಕಥೆಯಾಗಿಯೇ ಇರಲಿ. ಅವರು ಆ ದರ್ಗಾವನ್ನು ಬಿಡಲಿಲ್ಲ ಎಂಬುದಂತೂ ನಿಜ. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಾಗ ದಾರಿಯಲ್ಲಿ ಮೈ ಸರಿಯಿಲ್ಲವೆನಿಸಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಅಲ್ಲೇ ತೀರಿಕೊಂಡರು. ದೇಹವನ್ನು ಮಿರಜಕ್ಕೆ ತಂದು ದರ್ಗಾದ ಆವಾರದಲ್ಲಿ ಮಣ್ಣು ಮಾಡಿದರು. ಅಲ್ಲಿಂದೀಚೆಗೆ ಉರುಸಿನ ದಿನಗಳಲ್ಲಿ ಹಾಡುಗಾರರು ಬಂದು ಹಾಡಿ ಹೋಗುವ ಪದ್ಧತಿ ಬೆಳೆದುಬಂತು.

ಈ ಸಭೆಯಲ್ಲಿ ಮೆಚ್ಚಬೇಕಾದ್ದು ಬಹಳವಿದೆ. ಟಿಕೆಟ್ಟಿಲ್ಲ. ಮುಂದಿನ ಸಾಲು ದಾನಿಗಳಿಗೆ, ಹಿಂದಿನದು ಉಳಿದವರಿಗೆ ಎಂಬ ಲೆಕ್ಕವಿಲ್ಲ. ಬಂದ ಗವಾಯಿಗಳು ಇದನ್ನು ಕಛೇರಿ ಎನ್ನುವುದಿಲ್ಲ, ‘ಹಾಜರಿ’ ಎನ್ನುತ್ತಾರೆ. ಹೀರಾಬಾಯಿ ಬಡೋದೇಕರ್, ಭೀಮಸೇನ ಜೋಶಿಯವರಂಥವರು ಇಲ್ಲಿ ಹಾಜರಿ ಹಾಕಿದ್ದಾರೆ. ಉರುಸಿಗೆ ನಡೆದುಕೊಳ್ಳಲು ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯಿಂದ ಬಂದ ಒಕ್ಕಲಿಗ ಕುಟುಂಬ, ಮಿಠಾಯಿ ಪೊಟ್ಟಣ ಕೈಯಲ್ಲಿ ಹಿಡಿದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಡಾ ಖ್ಯಾಲ್ ಕೇಳುತ್ತ ಕೂರುವುದು ಶಹರದ ಯಾವ ಸಂಗೀತ ಮಹೋತ್ಸವದಲ್ಲೂ ಕಾಣಸಿಗುವುದಿಲ್ಲ. ಖಾನ್‌ಸಾಹೇಬರ ಶಿಷ್ಯ, ನಮ್ಮ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರ ಹೆಸರಲ್ಲಿ ಪುಣೆಯಲ್ಲಿ 1953ರಿಂದ ನಡೆದುಬಂದಿರುವ ಉತ್ಸವ ಎಷ್ಟು ದೊಡ್ಡದಾದರೂ ಅದಕ್ಕೆ ಈ ಸಲಿಗೆ ಇಲ್ಲ. ಗುರುವಿನ ಹೆಸರಿನ ಸಭೆ ಇನ್ನೂ ಜಾತ್ರೆಯೊಳಗೇ ಇದೆ, ಶಿಷ್ಯನದು ಜಾತ್ರೆ ಬಿಟ್ಟು ಪೆಂಡಾಲಿಗೆ ಹೋಗಿದೆ. ಯಾವುದು ಮೇಲೆಂದು ನನ್ನನ್ನು ಕೇಳಿದರೆ ಮಿರಜದ್ದೇ ಎನ್ನುತ್ತೇನೆ, ಧ್ವನಿವರ್ಧಕ ಎಷ್ಟೇ ಕಿರ್‍ರೆಂದರೂ.

ಇದಕ್ಕೆ ಇನ್ನೊಂದು ಮುಖವಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಿಂದುಸ್ಥಾನಿ ಸಂಗೀತಕ್ಕೆ ಶಾಲೆ, ಪಠ್ಯ, ಪರೀಕ್ಷೆ ಬಂದವು. ಹಾಡನ್ನು ಹೊತ್ತುಕೊಂಡು ಬಂದ ಉಸ್ತಾದರ ಮನೆತನಗಳು ಆ ಹೊಸ ವ್ಯವಸ್ಥೆಯಲ್ಲಿ ಹಿಂದೆ ಸರಿದವು. ಇತಿಹಾಸಕಾರ್ತಿ ಜಾನಕಿ ಬಖ್ಲೆ 2005ರ ತಮ್ಮ ಪುಸ್ತಕದಲ್ಲಿ ಆ ವ್ಯವಸ್ಥೆ ಕಟ್ಟಿದ ಭಾತಖಂಡೆ ಮತ್ತು ಪಲುಸ್ಕರ್ ಇಬ್ಬರ ಜೊತೆಗೆ ಅಬ್ದುಲ್ ಕರೀಮ್ ಖಾನರನ್ನು ಇಟ್ಟು ಈ ಕಥೆಯನ್ನು ಬಿಡಿಸಿ ಹೇಳಿದ್ದಾರೆ. ಮಿರಜದಲ್ಲಿ ಹೊಸ ಶಾಲೆ, ಉಸ್ತಾದರ ಪರಂಪರೆ ಎರಡೂ ಎದುರುಬದುರಾಗಿವೆ. ಪಕ್ಕದ ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತದ್ದು ಈ ಊರಲ್ಲೇ. ಅವರ ಪರಂಪರೆಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಬೇರೂ ಇಲ್ಲಿದೆ. ಧಾರವಾಡ, ಬೆಳಗಾವಿಯ ಎಷ್ಟೋ ಮಕ್ಕಳು ಪ್ರವೇಶಿಕಾ, ವಿಶಾರದ ಎಂದು ಪರೀಕ್ಷೆ ಕಟ್ಟುವುದು ಆ ಮಂಡಳಕ್ಕೆ. ಅಂದರೆ ವರ್ಷವಿಡೀ ನಡೆಯುವ ಕಲಿಕೆ ಒಂದು ಕಡೆ, ವರ್ಷಕ್ಕೊಮ್ಮೆ ನಡೆಯುವ ಸ್ಮರಣೆ ಇನ್ನೊಂದು ಕಡೆ. ಸಂಸ್ಥೆ ಪಂಡಿತರಿಗೆ, ಸಮಾಧಿ ಉಸ್ತಾದರಿಗೆ ಎಂದರೆ ಮಾತು ಖಾರವಾಯಿತು ಎಂದಾರು. ಆದರೆ ಖಾನ್‌ಸಾಹೇಬರೂ ಒಂದು ಶಾಲೆ ನಡೆಸಿದ್ದರು, ಸಾಂಗ್ಲಿಯ ಕೃ. ಬ. ದೇವಲರ ಶ್ರುತಿ ಪ್ರಯೋಗಗಳಿಗೆ ಕಂಠ ಕೊಟ್ಟಿದ್ದರು, ಕರ್ನಾಟಕ ಸಂಗೀತದವರ ಸರಿಗಮ ಹಾಡಿಕೆಯನ್ನು ಕೇಳಿ ತಮ್ಮದಕ್ಕೆ ಒಗ್ಗಿಸಿಕೊಂಡಿದ್ದರು ಎಂಬುದನ್ನೆಲ್ಲ ಸ್ಮರಣೆಯ ಭಕ್ತಿ ಮುಚ್ಚಿಹಾಕುತ್ತದೆ. ಅವರನ್ನು ಸಂತರನ್ನಾಗಿ ಮಾಡಿದ ಮೇಲೆ ಮೇಷ್ಟರಾಗಿ, ಪ್ರಯೋಗಶೀಲರಾಗಿ ನೆನೆಯುವ ಕಷ್ಟ ಯಾರಿಗೂ ಇರುವುದಿಲ್ಲ. ಶಿಷ್ಯ ಬಾಲಕೃಷ್ಣಬುವಾ ಕಪಿಲೇಶ್ವರಿಯವರು 1972ರಲ್ಲಿ ಮರಾಠಿಯಲ್ಲಿ ತಂದ ದೊಡ್ಡ ಜೀವನಚರಿತ್ರೆಯೂ ಈ ಆರಾಧನೆಯ ಧಾಟಿಯಿಂದ ಪೂರಾ ಹೊರತಲ್ಲ.

ಇಷ್ಟಾದರೂ ಹಾಡುಗಾರನಿಗೆ ಒಂದು ಸಭೆಯಿದೆ. ಆ ಸಭೆಯಲ್ಲಿ ಅವನ ಬೆನ್ನ ಹಿಂದೆ ನಿಲ್ಲುವ ಎರಡು ತಂಬೂರಿಗಳನ್ನು ಮಾಡಿದವರಿಗೆ ಏನಿದೆ?

ಮಿರಜದ ಶಿಕಲಗಾರರು ಕತ್ತಿ, ಭರ್ಜಿ ಸಾಣೆ ಹಿಡಿಯುತ್ತಿದ್ದ ಮುಸ್ಲಿಂ ಕಸುಬುದಾರರು. ಕಂಪನಿ ಸರಕಾರದ ಕಾಲಕ್ಕೆ ಪಟವರ್ಧನ ಸಂಸ್ಥಾನಿಕರ ಊರಲ್ಲಿ ಕತ್ತಿಗೆ ಕೆಲಸ ಕಡಿಮೆಯಾಯಿತು, ಸಂಗೀತಕ್ಕೆ ಆಶ್ರಯ ಹೆಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಫರೀದಸಾಹೇಬ ಶಿಕಲಗಾರರು ವಾದ್ಯ ರಿಪೇರಿಗೆ ಕೈಹಚ್ಚಿ, ಆಮೇಲೆ ಹೊಸದನ್ನೇ ಮಾಡತೊಡಗಿದರು ಎಂಬಲ್ಲಿಂದ ಈ ಕಸುಬಿನ ವಂಶಾವಳಿ ಶುರುವಾಗುತ್ತದೆ. ಲೋಹದ ಅಂಚು ನೋಡಿ ಪಳಗಿದ ಕಣ್ಣು ಮರಕ್ಕೆ, ಬುರುಡೆಗೆ ಹೊರಳಿತು. ಮನೆತನದ ಅಡ್ಡಹೆಸರೂ ಸತಾರಮೇಕರ್, ಅಂದರೆ ಸಿತಾರ್ ಮಾಡುವವರು, ಎಂದಾಯಿತು.

ಕೆಲಸವನ್ನು ಹತ್ತಿರದಿಂದ ನೋಡಿದರೆ ಅದು ಅರ್ಧ ಒಕ್ಕಲುತನ, ಅರ್ಧ ಕಿವಿ. ಬುರುಡೆ ಬರುವುದು ಮಂಗಳವೇಢೆಯ ಕಡೆಯ ಹೊಲಗಳಿಂದ. ತಿನ್ನಲು ಬಾರದ ಕಹಿ ಸೋರೆ ಅದು, ದೊಡ್ಡದಾಗಿ, ದುಂಡಗೆ, ತೊಗಟೆ ದಪ್ಪವಾಗಿ ಬರಲೆಂದೇ ಬೆಳೆಯುತ್ತಾರೆ. ಒಣಗಿದ ಬುರುಡೆಯನ್ನು ಕೊಯ್ದು, ಬೀಜ, ನಾರು ತೆಗೆದು, ನೀರಲ್ಲಿ ನೆನೆಹಾಕಿ ಮೆತ್ತಗಾದ ಮೇಲೆ ಒಳಗಿನಿಂದ ಕಟ್ಟಿಗೆ ಆಸರೆ ಕೊಟ್ಟು ಬೇಕಾದ ಆಕಾರಕ್ಕೆ ತಂದು ಮತ್ತೆ ಒಣಗಿಸುತ್ತಾರೆ. ಮರ ಕರ್ನಾಟಕದ ಕಾಡಿನ ಕಡೆಯದು. ಕೊರಳು, ದಂಡಿ, ತಬಲಿ ಜೋಡಿಸಿ, ಹೂಬಳ್ಳಿಯ ನಕ್ಷೆ ಕೆತ್ತಿ, ಅರಗಿನ ಪಾಲಿಷ್ ಕೊಟ್ಟು, ತಂತಿ ಏರಿಸಿದರೂ ವಾದ್ಯ ಇನ್ನೂ ಮೂಕವೇ. ಕೊನೆಗೆ ಬರುವುದು ಜವಾರಿ ತೆಗೆಯುವ ಕೆಲಸ. ತಂತಿಗಳು ಹಾಯುವ ಕುದುರೆಯ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ಅರದಿಂದ ಉಜ್ಜುತ್ತಾರೆ. ಎರಡು ಸಲ ಉಜ್ಜು, ತಂತಿ ಮೀಟು, ಕೇಳು, ಮತ್ತೆ ಉಜ್ಜು. ತಂಬೂರಿಯಾದರೆ ಕುದುರೆ ಮತ್ತು ತಂತಿಯ ನಡುವೆ ಹತ್ತಿಯ ಎಳೆಯೊಂದನ್ನು ಸರಿಸುತ್ತ ಹೋಗಿ, ನಾದ ಗುಂಯ್‌ಗುಟ್ಟುತ್ತ ಅರಳುವ ಜಾಗದಲ್ಲಿ ನಿಲ್ಲಿಸಬೇಕು. ಒಂದು ಉಜ್ಜು ಹೆಚ್ಚಾದರೆ ಕೆಲಸ ಕೆಟ್ಟಿತು. ಇದನ್ನು ಅಳೆಯುವ ಮಾಪು ಇಲ್ಲ, ಬರೆದಿಟ್ಟ ಪಾಠವೂ ಇಲ್ಲ. ಅಪ್ಪನ ಮಗ್ಗುಲಲ್ಲಿ ಕೂತು ಕಿವಿ ತಯಾರಾಗುವವರೆಗೆ ಕಾಯಬೇಕು. ಖಾನ್‌ಸಾಹೇಬರ ಕಿರಾಣಾ ಘರಾಣೆಯವರು ಸ್ವರದ ನಿಖರತೆಗೆ ಪ್ರಾಣ ಬಿಡುತ್ತಾರೆಂದು ನಾವು ಹೊಗಳುತ್ತೇವೆ. ಆ ಸ್ವರಕ್ಕೆ ಹಾಸು ಹಾಕಿಕೊಡುವವರು ಇವರು. ಸ್ವತಃ ಖಾನ್‌ಸಾಹೇಬರು ವಾದ್ಯ ಬಿಚ್ಚಿ ರಿಪೇರಿ ಮಾಡುವ ಕೈಯುಳ್ಳವರಾಗಿದ್ದರು ಎಂಬುದನ್ನು ನೆನೆದರೆ, ಹಾಡುವ ಕಂಠ, ಮಾಡುವ ಕೈ ಎಂಬ ಭೇದ ಅವರಲ್ಲಿ ಇರಲಿಲ್ಲ, ಅವರ ಭಕ್ತರಲ್ಲಿ ಇದೆ.

2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಿಕೆ, ಜಿಐ ಟ್ಯಾಗ್, ಸಿಕ್ಕಿತು. ಸಿತಾರಿನ ನೋಂದಣಿ ವಾದ್ಯ ತಯಾರಕರ ಒಂದು ಕ್ಲಸ್ಟರಿನ ಹೆಸರಲ್ಲಿ, ತಂಬೂರಿಯದು ಇನ್ನೊಂದು ತಯಾರಕ ಸಂಸ್ಥೆಯ ಹೆಸರಲ್ಲಿ. ಪತ್ರಿಕೆಗಳು ಸುದ್ದಿ ಮಾಡಿದವು. ಭೀಮಸೇನ ಜೋಶಿಯವರ ಕಾಲದಿಂದ ಇತ್ತೀಚಿನ ಸಿನಿಮಾ ಸಂಗೀತದವರವರೆಗೆ ಯಾರ್‍ಯಾರು ಮಿರಜದ ವಾದ್ಯ ಬಳಸಿದರೆಂಬ ಪಟ್ಟಿ ಬಂತು. ಆ ಪಟ್ಟಿಯನ್ನು ಗಮನಿಸಿ: ಮಾಡಿದವರ ಹೆಮ್ಮೆಯನ್ನು ಹೇಳಲು ಕೊಂಡವರ ಹೆಸರು ಬೇಕಾಯಿತು. ಇಳಕಲ್ ಸೀರೆ, ಕಿನ್ನಾಳದ ಗೊಂಬೆ, ನವಲಗುಂದದ ಜಮಖಾನೆಗಳ ವಿಷಯದಲ್ಲಿ ನಾವು ಕಂಡದ್ದೂ ಇದನ್ನೇ. ಟ್ಯಾಗ್ ಊರಿನ ಹೆಸರನ್ನು ಕಾಯುತ್ತದೆ, ಮಾಡುವ ಕೈಯನ್ನು ಕಾಯುವ ಜವಾಬ್ದಾರಿ ಅದಕ್ಕಿಲ್ಲ. ಬೇರೆ ಊರಲ್ಲಿ ಮಾಡಿದ್ದನ್ನು ಮಿರಜದ್ದೆಂದು ಮಾರುವವರನ್ನು ಅದು ತಡೆದೀತು. ಬೆಲೆ ಏರಿಸದು, ಬೆಂಗಳೂರಲ್ಲಿ ಹುಟ್ಟಿ ಇವತ್ತು ಮೊಬೈಲಿನೊಳಗೆ ಸೇರಿಕೊಂಡಿರುವ ಎಲೆಕ್ಟ್ರಾನಿಕ್ ತಂಬೂರಿಯನ್ನು ತಡೆಯದು, ಮಗನನ್ನು ಅರ ಹಿಡಿಸಿ ಕೂರಿಸದು. ಟ್ಯಾಗ್ ಬೇಡವೆಂದಲ್ಲ, ಬಂದದ್ದು ಒಳ್ಳೆಯದೇ. ಆದರೆ ಸರಕಿಗೆ ಸಿಕ್ಕ ರಕ್ಷಣೆಯನ್ನು ಮನುಷ್ಯರಿಗೆ ಸಿಕ್ಕ ಗೌರವವೆಂದು ಊರು ಚಪ್ಪಾಳೆ ತಟ್ಟಿತಲ್ಲ, ನನ್ನ ಆಕ್ಷೇಪ ಅದಕ್ಕೆ.

ಇದೇ ದರ್ಗಾದಲ್ಲಿ ಇನ್ನೊಂದು ಪದ್ಧತಿ ಇದೆ. ಅದಕ್ಕೆ ಸಂಗೀತ ಸಭೆಯಷ್ಟು ಹೆಸರಿಲ್ಲ. ಮೀರಾಸಾಹೇಬರ ಉರುಸು ಶುರುವಾಗುವುದೇ ಚರ್ಮಕಾರ ಸಮಾಜದವರು ಅರ್ಪಿಸುವ ಮಾನದ ಗಲೀಫಿನಿಂದ, ಅಂದರೆ ಸಮಾಧಿಗೆ ಹೊದಿಸುವ ಬಟ್ಟೆಯಿಂದ. ಶ್ರೀಮಂತರು, ಅಧಿಕಾರಿಗಳು, ಸಂಸ್ಥಾನಿಕರ ಮನೆಯವರು ಯಾರೇ ಇರಲಿ, ಮೊದಲ ಸರದಿ ಆ ಸಮಾಜದ್ದು. ನನ್ನ ಮಟ್ಟಿಗೆ ಮಿರಜದ ಗೌರವಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು. ಇಲ್ಲಿ ಯಾರೂ ಯಾರಿಗೂ ಶಾಲು ಹೊದಿಸುವುದಿಲ್ಲ, ಭಾಷಣ ಮಾಡುವುದಿಲ್ಲ, ಆಯ್ಕೆ ಸಮಿತಿ ಇಲ್ಲ. ಹಕ್ಕಿದೆ. ಅವರು ಬರದೆ ಮುಂದಿನದು ನಡೆಯುವುದಿಲ್ಲ. ಶಾಲು ಹೊದಿಸುವವನು ಮೇಲೆ, ಹೊದಿಸಿಕೊಳ್ಳುವವನು ಕೆಳಗೆ ಎಂಬ ನಮ್ಮ ಸತ್ಕಾರ ಸಮಾರಂಭಗಳ ಗುಟ್ಟು ಇಲ್ಲಿ ತಲೆಕೆಳಗಾಗಿದೆ, ಹೊದಿಸುವ ಕೈಯೇ ಅವರದು. ಹಾಗೆಂದು ಇದರಿಂದಲೇ ಜಾತಿ ಕರಗಿತು ಎನ್ನುವಷ್ಟು ಭೋಳೆತನ ಬೇಡ. ಉರುಸಿನ ಮೊದಲ ದಿನದ ಮಾನ ಉಳಿದ ದಿನಗಳ ಬಾಡಿಗೆಮನೆ, ನೌಕರಿ, ಬೀಗತನಗಳಿಗೆ ಹರಿದುಬರುತ್ತದೆಯೇ ಎಂಬ ಪ್ರಶ್ನೆ ಹಾಗೇ ನಿಂತಿದೆ.

ಆ ಪ್ರಶ್ನೆಯನ್ನು ಮುಸ್ಲಿಮರ ವಿಷಯದಲ್ಲೂ ಕೇಳಬೇಕಾಗುತ್ತದೆ. 2009ರ ಸೆಪ್ಟೆಂಬರಿನಲ್ಲಿ ಗಣೇಶೋತ್ಸವದ ಹೊತ್ತಿಗೆ ಅಫಜಲಖಾನ ವಧೆಯ ಚಿತ್ರದ ಕಮಾನಿನಿಂದ ಹುಟ್ಟಿದ ಜಗಳ ಮಿರಜ, ಸಾಂಗ್ಲಿ ಎರಡರಲ್ಲೂ ಗಲಭೆಯಾಗಿ, ಕರ್ಫ್ಯೂವರೆಗೆ ಹೋಯಿತು. ಉಸ್ತಾದರ ಸಮಾಧಿಗೆ ಹೂ ಹಾಕುವ ಊರಲ್ಲೇ ಇದೂ ಆಯಿತು. ತೀರಿಹೋದ ಒಬ್ಬ ಖಾನ್‌ಸಾಹೇಬರನ್ನು ಪ್ರೀತಿಸುವುದು ಸುಲಭ, ಅವರು ಯಾರ ಎದುರೂ ಮನೆ ಬಾಡಿಗೆಗೆ ಕೇಳಿ ಬರುವುದಿಲ್ಲ. ಬದುಕಿರುವ ನೆರೆಯವರ ಲೆಕ್ಕ ಬೇರೆ. ಸಂಗೀತ ಸಭೆಯ ವೇದಿಕೆಯಿಂದ ಭಾವೈಕ್ಯದ ಮಾತಾಡುವವರು ಈ ಊರಿನ ಆ ವಾರವನ್ನೂ ಒಂದು ವಾಕ್ಯದಲ್ಲಾದರೂ ನೆನೆಯುವಂತಾದರೆ ಅವರ ಮಾತಿಗೆ ತೂಕ ಬರುತ್ತದೆ.

ಯಾರಿಗೆ ಗೌರವ, ಯಾರಿಗೆ ಮರೆವು ಎಂಬ ಈ ಮಾತಿನ ನಡುವೆ ನಮ್ಮದೇ ಒಂದು ಕುಂದುಕೊರತೆ. ಸಾಂಗ್ಲಿಯಲ್ಲಿ ಪ್ರತಿ ನವೆಂಬರ್ 5ಕ್ಕೆ ರಂಗಭೂಮಿ ದಿನ ಆಚರಿಸಿ ವಿಷ್ಣುದಾಸ ಭಾವೆಯವರ ಹೆಸರಿನ ಪದಕ ಕೊಡುತ್ತಾರೆ. 1843ರಲ್ಲಿ ಭಾವೆ ಸೀತಾ ಸ್ವಯಂವರ ಆಡಿಸಿದ್ದರಿಂದ ಮರಾಠಿ ರಂಗಭೂಮಿ ಆರಂಭವಾಯಿತೆಂಬುದು ಒಪ್ಪಿತ ಮಾತು. ಅದಕ್ಕೂ ಮುಂಚೆ ಉತ್ತರ ಕನ್ನಡದ ಕಡೆಯಿಂದ ಸಾಂಗ್ಲಿಗೆ ಬಂದ ಭಾಗವತರ ಮೇಳದ ಆಟ ನೋಡಿಯೇ ಸಾಂಗ್ಲಿಯ ದೊರೆ ಅಂಥದ್ದನ್ನು ಮರಾಠಿಯಲ್ಲಿ ಮಾಡೆಂದು ಭಾವೆಯವರಿಗೆ ಹೇಳಿದ್ದೆಂಬುದೂ ದಾಖಲಾದ ಮಾತೇ. ಭಾವೆಗೆ ಪದಕ ಉಳಿಯಿತು, ವೇಷ ಕಟ್ಟಿ ಬಂದ ಮೇಳದವರಿಗೆ ಅಡಿಟಿಪ್ಪಣಿ ಉಳಿಯಿತು. ಕನ್ನಡಿಗರಾದ ನಾವು ಇದಕ್ಕೆ ಮುನಿಸಿಕೊಳ್ಳುತ್ತೇವೆ, ನ್ಯಾಯವೇ. ಆದರೆ ಗಂಗೂಬಾಯಿ ಹಾನಗಲ್ಲರಿಗೆ ಇಂದು ಊರೂರಲ್ಲಿ ಹೆಸರಿಡುವ ನಾವು, ಅವರ ತಾಯಿ ಅಂಬಾಬಾಯಿಯ ಹಾಡು ಕೇಳಲು ಅಬ್ದುಲ್ ಕರೀಮ್ ಖಾನರು ಧಾರವಾಡದಲ್ಲಿ ಅವರ ಮನೆಗೆ ಬರುತ್ತಿದ್ದರೆಂಬುದನ್ನು ಖಾನರ ದೊಡ್ಡತನವಾಗಿ ಹೇಳುತ್ತೇವೆಯೇ ಹೊರತು ಅಂಬಾಬಾಯಿಯ ವಿದ್ಯೆಯಾಗಿ ಹೇಳುವುದಿಲ್ಲ. ಮರೆವು ಮರಾಠಿಗರ ಗುತ್ತಿಗೆಯಲ್ಲ.

ಮಿರಜದ ಸಭೆಗೆ ಏನು ಮಾಡಬಹುದು? ದೊಡ್ಡದೇನೂ ಬೇಡ, ಕುಶಲಕರ್ಮಿಗಳಿಗೆ ಇನ್ನೊಂದು ಪ್ರಶಸ್ತಿಯಂತೂ ಬೇಡವೇ ಬೇಡ. ನಮ್ಮ ಕಡೆಯ ಕಛೇರಿಗಳಲ್ಲಿ ನಿರೂಪಕರು ಗಾಯಕರ ಹೆಸರು, ಗುರುವಿನ ಹೆಸರು, ತಬಲಾ, ಹಾರ್ಮೋನಿಯಂ ಸಾಥಿಗಳ ಹೆಸರು ಹೇಳುತ್ತಾರೆ, ಮನಸ್ಸಾದರೆ ತಂಬೂರಿ ಹಿಡಿದ ಶಿಷ್ಯರದ್ದೂ ಬರುತ್ತದೆ. ಆ ತಂಬೂರಿ ಯಾರ ಕೈಯದು ಎಂದು ಹೇಳಿದ್ದನ್ನು ನಾನು ಎಲ್ಲೂ ಕೇಳಿಲ್ಲ. ವಾದ್ಯ ಹುಟ್ಟುವ ಊರಲ್ಲಾದರೂ ಅದು ಶುರುವಾಗಬೇಕು. ಚರ್ಮಕಾರರ ಗಲೀಫಿನ ಹಾಗೆ, ಸಭೆಯ ಮೊದಲ ಷಡ್ಜವನ್ನು ಕೂಡಿಸುವ ಸರದಿ ಪ್ರತಿವರ್ಷ ಒಂದು ಸತಾರಮೇಕರ್ ಮನೆಯದಾಗಲಿ. ಅವರೇ ವೇದಿಕೆಯ ಮೇಲೆ ಕೂತು, ಸೇರಿದ ಜನರೆದುರು ಜವಾರಿ ತೆಗೆದು, ಶ್ರುತಿ ಹೊಂದಿಸಿ ಗಾಯಕರ ಕೈಗೆ ಕೊಡಲಿ. ಹತ್ತಿಪ್ಪತ್ತು ನಿಮಿಷ ಹಿಡಿದೀತು. ಬಡಾ ಖ್ಯಾಲಿಗೆ ಕಾಯುವ ಜನ ಅದಕ್ಕೂ ಕಾಯುತ್ತಾರೆ.

ಕಾಗದದ ಕಡೆಗೂ ಒಂದು ದಾರಿ ಇದೆ. 1999ರ ಜಿಐ ಕಾಯಿದೆಯ ಪ್ರಕಾರ ನೋಂದಣಿ ಪುಸ್ತಕದಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಸೂಚಿಕೆ ಮತ್ತು ಅದನ್ನು ಪಡೆದ ಸಂಸ್ಥೆ, ಎರಡನೆಯದರಲ್ಲಿ ಅಧಿಕೃತ ಬಳಕೆದಾರರು, ಅಂದರೆ ಆ ವಸ್ತುವನ್ನು ಮಾಡುವವರು ಒಬ್ಬೊಬ್ಬರಾಗಿ. ಈ ಎರಡನೆಯ ಭಾಗ ತಾನಾಗಿ ತುಂಬುವುದಿಲ್ಲ. ಮಾಡುವವನೇ ಅರ್ಜಿ ಹಾಕಬೇಕು, ಫೀ ಕಟ್ಟಬೇಕು, ತಾನು ಮಾಡುವವನೆಂದು ತೋರಿಸಬೇಕು. ಜವಾರಿಯಲ್ಲಿ ಪಳಗಿದ ಕೈಗೆ ಈ ಅರ್ಜಿಯ ನಮೂನೆ ಪರಕೀಯ. ಮಿರಜ, ಸಾಂಗ್ಲಿಗಳಲ್ಲಿ ಸಂಗೀತದ ಹೆಸರಲ್ಲಿ ಶಾಲು ಕೊಳ್ಳುವ ಮಂಡಳಿಗಳು ಒಂದು ವರ್ಷ ಆ ಹಣವನ್ನು ಫೀಗೆ ಇಟ್ಟು, ಬರೆಯಬಲ್ಲ ಇಬ್ಬರು ಹುಡುಗರನ್ನು ಸತಾರಮೇಕರ್ ಮನೆಗಳಿಗೆ ಕಳಿಸಿ ನಮೂನೆ ತುಂಬಿಸಿಕೊಂಡು ಬರಲಿ.